ಕಾಣದ್ದಕ್ಕೂ ಒಂದು ಗೆರೆ

ದಾಂಡೇಲಿ
ಆರಿದ್ರಾ ಮಳೆಯ ಎರಡನೇ ಪಾದ

ನನ್ನವ್ವಾ,

ನಿನ್ನ ಗ್ರಾಫ್ ತಲುಪಿತು. ನಾಲ್ಕು ತಾಲೂಕಿನ ಮಳೆ ಒಂದೇ ಹಾಳೆಯ ಮೇಲೆ ಇಳಿದದ್ದನ್ನು ನಿನ್ನಪ್ಪ ಬಹಳ ಹೊತ್ತು ನೋಡಿದರು. ಜುಲೈ ಬಂದದ್ದೇ ಜೋಯಿಡಾದ ಗೆರೆ ಎದ್ದು ನಿಂತಿರುವುದನ್ನು ಬೆರಳಿಟ್ಟು ತೋರಿಸಿ, "ಕ್ಯಾಸಲ್‌ರಾಕ್ ಕಡೀ ಮಳಿ ಹಿಂಗ ಇರತೈತಿ" ಅಂದರು. ಹಳಿಯಾಳ, ಮುಂಡಗೋಡ ಎರಡೂ ಕೆಳಗೆ ಒಂದನ್ನೊಂದು ಹಾಯ್ದುಕೊಂಡು ಹೋಗುತ್ತಿವೆ, ದಾಂಡೇಲಿ ನಡುವೆ. ಇಷ್ಟು ಹತ್ತಿರದ ಊರುಗಳಿಗೆ ಇಷ್ಟು ಬೇರೆ ಬೇರೆ ಮಳೆ ಎಂಬುದು ನಮಗೆ ಗೊತ್ತಿದ್ದದ್ದೇ, ಹೀಗೆ ಕಣ್ಣೆದುರು ಕಂಡದ್ದು ಮಾತ್ರ ಈಗ. "ಅವ್ವಾ, ನೋಡಿ ಹೇಳು" ಎಂದು ಬರೆದಿದ್ದೀಯಲ್ಲ, ಗೆರೆಯ ಮಾತು ಫೋನಿನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಈ ಕಾಗದ.

ಮೊದಲು ಮನೆಯ ಸುದ್ದಿ. ಮಳೆ ಚೆನ್ನಾಗಿ ಹಿಡಿದಿದೆ. ಅಪ್ಪನ ಮಂಡಿನೋವು ಥಂಡಿಗೆ ತುಸು ಜಾಸ್ತಿಯಾಗಿದೆ, ನೀನು ಗಾಬರಿಯಾಗುವಷ್ಟೇನಲ್ಲ. ಬೇಸಿಗೆಯಲ್ಲಿ ಮಂಗಟ್ಟೆ ಹಕ್ಕಿಗಳು ಟಿಂಬರ್ ಡಿಪೋ ಕಡೆಯ ಮರಗಳಿಗೆ ಈ ವರ್ಷವೂ ಬಂದಿದ್ದವು. ಅವುಗಳ ರೆಕ್ಕೆ ಸದ್ದು ಕೇಳಿದಾಗಲೆಲ್ಲ ನಿನ್ನಪ್ಪ ನಿನ್ನ ಹೆಸರು ಹೇಳುತ್ತಾರೆ. ಹಳಿಯಾಳದ ಕಡೆಯಿಂದ ಬರುವ ಆ ಸಿದ್ದಿ ಅಕ್ಕ ನಿನ್ನ ಹಳೆಯ ಚೂಡಿದಾರಗಳನ್ನೆಲ್ಲ ಕೂಡಿಸಿ ಕೌದಿ ಹೊಲಿದು ಕೊಟ್ಟಿದ್ದಾಳೆ. ರೂರ್ಕಿಯ ಚಳಿಗೆ ಆಗುತ್ತದೆ, ಚಳಿ ಶುರುವಾಗುವ ಮೊದಲೇ ಕಳಿಸುತ್ತೇನೆ. ನೀನು ಬಿಟ್ಟುಹೋದ ಲ್ಯಾಪ್‌ಟಾಪಿನ ಮುಂದೆ ದಿನಾ ಸಂಜೆ ಕೂರುತ್ತೇನೆ. ಪೈಥಾನ್ ಈಗ ಕೈಗೆ ಹೊಂದಿಕೊಂಡಿದೆ. ನೀನು ಕಳಿಸಿದ ಅಂಕಿಗಳನ್ನೇ ಇಟ್ಟುಕೊಂಡು ಅದರ ಗ್ರಾಫ್ ಲೈಬ್ರರಿಯಾದ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ನಿನ್ನ ಗ್ರಾಫನ್ನು ನಾನೂ ಎಳೆದು ನೋಡಿದೆ. ಕೆಳಗೆ ಬರೆಯುವುದೆಲ್ಲ ಹಾಗೆ ಎಳೆದು, ಪ್ರಿಂಟ್ ತೆಗೆಸಿ ಕಂಡದ್ದು.

ನಿನ್ನ ಗೆರೆಗಳಿಗೆ ನೀಲಿ, ಕಿತ್ತಳೆ, ಹಸಿರು, ಕೆಂಪು ಬಣ್ಣ ಕೊಟ್ಟಿದ್ದೀಯ; ಅದು ಲೈಬ್ರರಿ ತಾನಾಗಿ ಕೊಡುವ ಮೊದಲ ನಾಲ್ಕು ಬಣ್ಣ. ಪರದೆಯ ಮೇಲೆ ಚಂದ ಕಾಣುತ್ತದೆ. ಆದರೆ ಈ ಹಾಳೆ ಕೊನೆಗೆ ಹೋಗುವುದು ಎಲ್ಲಿಗೆ? ಚಳಿಗಾಲದಲ್ಲಿ ನೀನು ಬಂದಾಗ ರೈತರ ಸಭೆಗೆ. ಅಲ್ಲಿ ಹಂಚುವುದು ಝೆರಾಕ್ಸ್ ಪ್ರತಿ. ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ನಾನು ಒಂದು ಪ್ರತಿ ಮಾಡಿಸಿದೆ. ನಾಲ್ಕೂ ಬೂದು. ಕೆಳಗೆ ಹಾಯ್ದುಕೊಂಡು ಹೋಗುವ ಎರಡು ಗೆರೆಗಳಲ್ಲಿ ಹಳಿಯಾಳ ಯಾವುದು, ಮುಂಡಗೋಡ ಯಾವುದು ಎಂದು ಹೇಳಲಾಗಲಿಲ್ಲ. ಬಣ್ಣ ನೋಡುವಾಗ ಹಸಿರು ಕೆಂಪಿನ ವ್ಯತ್ಯಾಸ ತಿಳಿಯದ ಕಣ್ಣುಗಳೂ ಇರುತ್ತವೆ, ಅಂಥವರು ಸಭೆಯಲ್ಲೂ ಒಬ್ಬಿಬ್ಬರು ಕೂತಿರಬಹುದು.

ನಾನು ಟ್ರೇಸರ್ ಆಗಿ ಕೆಲಸಕ್ಕೆ ಸೇರಿದಾಗ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಏಳುತ್ತಿತ್ತು. 101 ಮೀಟರ್ ಎತ್ತರದ ಕಾಂಕ್ರೀಟು. 1987ರ ಹೊತ್ತಿಗೆ ಮುಗಿಯಿತು. ನಾವು ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನಲ್ಲಿ ಎಳೆದದ್ದು ಅಮೋನಿಯಾ ಪ್ರಿಂಟ್ ಆಗಿ ಸೈಟಿಗೆ ಹೋಗುತ್ತಿತ್ತು. ಆ ಪ್ರಿಂಟಿನಲ್ಲಿ ಬಣ್ಣ ಒಂದೇ, ನೀಲಿ. ಹಾಗಾಗಿ ಏನನ್ನು ಹೇಳಬೇಕೋ ಅದನ್ನೆಲ್ಲ ಗೆರೆಯ ದಪ್ಪ ಮತ್ತು ಗೆರೆಯ ಮುರಿತವೇ ಹೇಳಬೇಕಿತ್ತು. ಹೊರಗಿನಿಂದ ಕಾಣುವ ಅಂಚಿಗೆ ಮುರಿಯದ ದಪ್ಪ ಗೆರೆ. ಕಾಂಕ್ರೀಟಿನ ಒಳಗೆ ಹಾಯುವ ಗ್ಯಾಲರಿಗೆ ತುಂಡುಗೆರೆ. ಸೆಂಟರ್ ಲೈನಿಗೆ ಒಂದು ಉದ್ದ ತುಂಡು, ಒಂದು ಗಿಡ್ಡ ತುಂಡು. ತುಂಡುಗೆರೆ ಮೂಲೆಯಲ್ಲಿ ತಿರುಗುವಾಗ ತುಂಡಿಗೆ ತುಂಡು ಮುಟ್ಟಲೇಬೇಕು, ಅಲ್ಲಿ ಬಿಡುವು ಬೀಳಬಾರದು. ಇಲ್ಲದಿದ್ದರೆ ಮೂಲೆ ಎಲ್ಲಿದೆ ಎಂದು ಸೈಟಿನ ಮೇಸ್ತ್ರಿಗೆ ತಿಳಿಯುವುದಿಲ್ಲ. ಸರ್ವೆ ಆಫ್ ಇಂಡಿಯಾದ ನಕ್ಷೆಯಲ್ಲೂ ಹೀಗೇ. ಗಡಿಗಳಿಗೆ ತುಂಡು ಚುಕ್ಕೆಗಳ ಬೇರೆ ಬೇರೆ ಜೋಡಣೆ, ಕಾಡಿನ ಹಳ್ಳಿಗೆ ಹೋಗುವ ಕಾಲುದಾರಿಗೆ ಕೆಂಪು ಚುಕ್ಕೆಗಳ ಸಾಲು. ನೀನು ಚಿಕ್ಕವಳಿದ್ದಾಗ ಆ ಚುಕ್ಕೆಗಳ ಮೇಲೆ ಬೆರಳು ನಡೆಸುತ್ತ ಜೋಯಿಡಾದ ಹಳ್ಳಿಗಳ ಹೆಸರು ಓದುತ್ತಿದ್ದೆ, ನೆನಪಿದೆಯಾ?

ಈಗ ನಿನ್ನ ಲೈಬ್ರರಿಗೆ ಬರುತ್ತೇನೆ. ಅದನ್ನು ಶುರು ಮಾಡಿದ ಜಾನ್ ಹಂಟರ್ ಮಿದುಳಿನ ಸಂಶೋಧಕರು. ಮೂರ್ಛೆರೋಗ ಇದ್ದವರ ಮಿದುಳಿನ ವಿದ್ಯುತ್ ಅಲೆಗಳನ್ನು ನೋಡಲು ಅವರಿಗೆ ಒಂದು ಸಾಧನ ಬೇಕಿತ್ತು. ಅದು 2003ರಲ್ಲಿ ಎಲ್ಲರ ಕೈಗೆ ಬಂತು. 2012ರಲ್ಲಿ, ಕ್ಯಾನ್ಸರ್ ಚಿಕಿತ್ಸೆಯ ತೊಡಕಿನಿಂದ, 44ರ ವಯಸ್ಸಿನಲ್ಲಿ ತೀರಿಕೊಂಡರಂತೆ. ಮೂರು ಹೆಣ್ಣುಮಕ್ಕಳ ತಂದೆ. ರೋಗಿಯ ಸಂಕಟವನ್ನು ಗೆರೆಯಲ್ಲಿ ಓದಲು ಹೊರಟವರು ಮಾಡಿದ್ದು ಇವತ್ತು ನಮ್ಮ ಮಳೆಗೂ ಒದಗುತ್ತಿದೆ ಎಂದು ಓದಿದ ದಿನ ನನಗೆ ಕಣ್ಣು ತುಂಬಿತು.

ಅದರಲ್ಲಿ ಹೆಸರಿಟ್ಟ ಗೆರೆಗಳು ನಾಲ್ಕೇ. ಲೈನ್‌ಸ್ಟೈಲ್ ಎಂದು ಬರೆದು ಮುಂದೆ '-' ಕೊಟ್ಟರೆ ಮುರಿಯದ ಗೆರೆ, '--' ಕೊಟ್ಟರೆ ತುಂಡುಗೆರೆ, '-.' ಕೊಟ್ಟರೆ ತುಂಡು ಮತ್ತು ಚುಕ್ಕೆ, ':' ಕೊಟ್ಟರೆ ಬರೀ ಚುಕ್ಕೆ. ಬಣ್ಣ ಸೋತಾಗ ಮೊದಲು ಯಾರಿಗಾದರೂ ಹೊಳೆಯುವುದು ಇದೇ: ಊರು ನಾಲ್ಕು, ಗೆರೆ ನಾಲ್ಕು, ಒಂದೊಂದಕ್ಕೆ ಒಂದೊಂದು ಹಂಚಿಬಿಡೋಣ. ನಾನೂ ಹಂಚಿ ನೋಡಿದೆ. ಮೊದಲು ಕೈಕೊಟ್ಟದ್ದು ಅಳತೆ.

ಅಳತೆಯ ಲೆಕ್ಕ ಹೀಗಿದೆ. ಆ ಕೌದಿಯ ಹೊಲಿಗೆ ನೋಡು, ದಾರ ಒಂದಿಷ್ಟು ದೂರ ಮೇಲೆ ಕಾಣುತ್ತದೆ, ಒಂದಿಷ್ಟು ದೂರ ಬಟ್ಟೆಯ ಅಡಿಗೆ ಹೋಗುತ್ತದೆ. ತುಂಡುಗೆರೆಗೂ ಅವೆರಡೇ ಅಂಕಿ, ಎಷ್ಟು ಕಾಣಬೇಕು, ಎಷ್ಟು ಬಿಡಬೇಕು. '--' ಎಂದು ಬರೆದಾಗ ಲೈಬ್ರರಿ ತಾನಾಗಿ 3.7 ಮತ್ತು 1.6 ಹಿಡಿಯುತ್ತದೆ. 2017ರಲ್ಲಿ ಬಂದ 2.0 ಆವೃತ್ತಿಯಿಂದ ಈಚೆಗೆ ಈ ಅಂಕಿಗಳನ್ನು ಗೆರೆಯ ದಪ್ಪದಿಂದ ಗುಣಿಸುತ್ತದೆ. ದಪ್ಪ 1.5 ಪಾಯಿಂಟ್ ಇದ್ದರೆ ತುಂಡು 5.55 ಪಾಯಿಂಟ್, ಬಿಡುವು 2.4 ಪಾಯಿಂಟ್. ಇಂಚಿಗೆ 72 ಪಾಯಿಂಟ್. ಅಂದರೆ ತುಂಡು ಎರಡು ಮಿಲಿಮೀಟರಿನಷ್ಟು, ಬಿಡುವು ಒಂದು ಮಿಲಿಮೀಟರಿಗೂ ಕಡಿಮೆ. ಝೆರಾಕ್ಸ್ ಅಂಗಡಿಯಲ್ಲಿ ಅದನ್ನು ಅರ್ಧಕ್ಕೆ ಇಳಿಸಿ ತೆಗೆದಾಗ ಬಿಡುವುಗಳೆಲ್ಲ ಮಸಿಯಿಂದ ಮುಚ್ಚಿಹೋದವು. '--' ಮತ್ತು '-.' ಎರಡೂ ದೂರದಿಂದ ಒಂದೇ ಥರ ಕಂಡವು.

ಹೆಸರಿಟ್ಟ ಗೆರೆ ಸಾಲದಾದಾಗ ನಮ್ಮದೇ ಅಂಕಿ ಕೊಡಬಹುದು. (0, (6, 3)) ಎಂದು ಬರೆ: ಆರು ಕಾಣಲಿ, ಮೂರು ಬಿಡಲಿ. ಒಳಗಿನ ಅಂಕಿಗಳು ಯಾವಾಗಲೂ ಜೋಡಿಜೋಡಿಯಾಗಿಯೇ ಇರಬೇಕು. 1.5 ದಪ್ಪಕ್ಕೆ ಇದರ ಬಿಡುವು 4.5 ಪಾಯಿಂಟ್, ಒಂದೂವರೆ ಮಿಲಿಮೀಟರ್ ದಾಟುತ್ತದೆ. ಅರ್ಧಕ್ಕೆ ಇಳಿಸಿದರೂ ಉಳಿಯುತ್ತದೆ. ಮೊದಲಿನ ಸೊನ್ನೆ ಇದೆಯಲ್ಲ, ಅದು ಹೊಲಿಗೆ ಎಲ್ಲಿಂದ ಹಿಡಿಯಬೇಕು ಎಂಬುದು. ಎರಡು ಗೆರೆ ಒಂದರ ಮೇಲೊಂದು ಬಿದ್ದು ಹೋಗುತ್ತಿದ್ದರೆ ಒಂದಕ್ಕೆ (0, (5, 5)), ಇನ್ನೊಂದಕ್ಕೆ (5, (5, 5)) ಕೊಡು. ಒಂದರ ಬಿಡುವಿನಲ್ಲಿ ಇನ್ನೊಂದು ಕಾಣುತ್ತದೆ, ಯಾರೂ ಯಾರನ್ನೂ ಮರೆಮಾಡುವುದಿಲ್ಲ. ತುಂಡಿನ ತುದಿಗಳನ್ನು ದುಂಡಗೆ ಮಾಡುವ ಆಸೆ ಬಂದರೆ ಎಚ್ಚರ ಇರಲಿ. ದುಂಡು ತುದಿ ಎರಡೂ ಕಡೆ ಗೆರೆಯ ದಪ್ಪದ ಅರ್ಧದಷ್ಟು ಮುಂದೆ ಚಾಚುತ್ತದೆ, ಅಷ್ಟು ಬಿಡುವು ತಿಂದುಹೋಗುತ್ತದೆ.

ಮೂಲೆಯಲ್ಲಿ ಗೆರೆಗಳ ಹೆಸರು ಬರೆಯುವ ಚೌಕ, ಲೆಜೆಂಡ್, ಅದನ್ನೂ ನೋಡಿಕೊ. ಅಲ್ಲಿ ತೋರಿಸುವ ಮಾದರಿ ಗೆರೆಯ ಉದ್ದ ಅಕ್ಷರದ ಅಳತೆಯ ಎರಡು ಪಟ್ಟು. 10 ಪಾಯಿಂಟ್ ಅಕ್ಷರಕ್ಕೆ 20 ಪಾಯಿಂಟ್. ನೀನು ಸೆಂಟರ್ ಲೈನಿನಂತೆ (0, (10, 3, 2, 3)) ಕೊಟ್ಟೆ ಅನ್ನು, 1.5 ದಪ್ಪಕ್ಕೆ ಅದರ ಒಂದು ಸುತ್ತೇ 27 ಪಾಯಿಂಟ್. ಲೆಜೆಂಡಿನಲ್ಲಿ ಒಂದು ತುಂಡು ಕಂಡು ಅಲ್ಲಿಗೆ ಮುಗಿಯುತ್ತದೆ. ಓದುವವರು ಬೇರೆ ಗೆರೆಯೆಂದು ತಿಳಿಯುತ್ತಾರೆ. ಹ್ಯಾಂಡಲ್‌ಲೆಂತ್ 4 ಎಂದು ಕೊಟ್ಟರೆ ಪೂರ್ತಿ ಕಾಣುತ್ತದೆ.

ಅಳತೆ ಸರಿಹೋಯಿತು. ಆದರೂ ಆ ಹಂಚಿಕೆ ನನಗೆ ಒಪ್ಪಿಗೆಯಾಗಲಿಲ್ಲ. ಯಾಕೆ ಹೇಳುತ್ತೇನೆ ಕೇಳು.

ಮುರಿಯದ ಗೆರೆ ಕಣ್ಣಿಗೆ ಗಟ್ಟಿ. ಚುಕ್ಕೆಗೆರೆ ಪೇಲವ. ಯಾವ ಊರಿಗೆ ಚುಕ್ಕೆ ಕೊಡುತ್ತೀ? ಮುಂಡಗೋಡಕ್ಕೆ ಕೊಟ್ಟೆ ಎಂದುಕೊ. ಹಾಳೆ ನೋಡಿದವರಿಗೆ ಮುಂಡಗೋಡದ ಮಳೆ ಅನುಮಾನದ್ದು, ಲೆಕ್ಕಕ್ಕೆ ಕಡಿಮೆಯದ್ದು ಅನ್ನಿಸುತ್ತದೆ. ಅಲ್ಲಿ ಗೋವಿನಜೋಳ ಬಿತ್ತಿದವರಿಗೆ, ಭತ್ತ ಬಿತ್ತಿದವರಿಗೆ, 1966ರಿಂದ ಅಲ್ಲಿ ನೆಲೆಸಿ ಹೊಲ ಮಾಡಿಕೊಂಡಿರುವ ಟಿಬೆಟಿಯನ್ ಕ್ಯಾಂಪಿನವರಿಗೆ, ದನ ಮೇಯಿಸುವ ಗೌಳಿಗಳಿಗೆ ಅದೇ ಇಡೀ ವರ್ಷದ ಅನ್ನ. ಜೋಯಿಡಾದಲ್ಲಿ ಹತ್ತು ದಿನ ಮಳೆ ತಪ್ಪಿದರೆ ಕಾಡು ತಡೆದುಕೊಳ್ಳುತ್ತದೆ. ಮುಂಡಗೋಡದಲ್ಲಿ ಮೊಳಕೆ ಬಾಡುತ್ತದೆ. ಕಡಿಮೆ ಮಳೆಯ ಊರಿಗೆ ಪೇಲವ ಗೆರೆ ಕೊಡುವುದು ಯಾವ ನ್ಯಾಯ?

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಜೋಯಿಡಾದ ಗೆರೆಗೆ ನೀನು ಹಿಡಿದ ಮಳೆಮಾಪಕದಲ್ಲಿ ಆಗಸ್ಟಿನ ಮೂರು ವಾರದ ಲೆಕ್ಕ ಇಲ್ಲ ಎಂದು ನೀನೇ ಹೇಳಿದ್ದೆ. ದಾರಿ ಕೆಟ್ಟಿತ್ತು, ಅಳೆಯುವವರಿಗೆ ಅಲ್ಲಿಗೆ ಹೋಗಲಾಗಲಿಲ್ಲ. ಸುತ್ತಲಿನ ಮಾಪಕಗಳ ಸರಾಸರಿಯಿಂದ ಆ ಜಾಗ ತುಂಬಿದೆ ಎಂದೂ ಹೇಳಿದೆ. ಅದು ನಿಮ್ಮ ವಿದ್ಯೆಯಲ್ಲಿ ಒಪ್ಪಿತವಾದ ಕ್ರಮ, ನಾನು ಬೇಡ ಅನ್ನುವುದಿಲ್ಲ. ಆದರೆ ನಿನ್ನ ಗ್ರಾಫಿನಲ್ಲಿ ಆ ಮೂರು ವಾರವೂ ಜುಲೈನಷ್ಟೇ ಗಟ್ಟಿ ಗೆರೆಯಲ್ಲಿ ಹೋಗಿದೆ. ಅಳೆದದ್ದು ಎಲ್ಲಿ ನಿಂತಿತು, ಅಂದಾಜು ಎಲ್ಲಿ ಶುರುವಾಯಿತು ಎಂದು ಹಾಳೆ ಹೇಳುತ್ತಿಲ್ಲ. ಈ ಗ್ರಾಫಿನಲ್ಲಿ ತುಂಡುಗೆರೆಗೆ ಇರುವ ಕೆಲಸ ಇದು, ಊರುಗಳ ಗುರುತು ಹೇಳುವುದಲ್ಲ. ಒಂದೇ ಹಾಳೆಯಲ್ಲಿ ಮುರಿದ ಗೆರೆಗೆ ಎರಡು ಅರ್ಥ ಕೊಟ್ಟರೆ ಎರಡೂ ಕೆಡುತ್ತವೆ. 'ಹಳಿಯಾಳ' ಎಂಬುದಕ್ಕೂ ತುಂಡುಗೆರೆ, 'ಅಳೆದಿಲ್ಲ' ಎಂಬುದಕ್ಕೂ ತುಂಡುಗೆರೆ ಆದರೆ ನೋಡುವವರು ಏನೆಂದು ಓದಬೇಕು?

ಅದಕ್ಕೇ ನನ್ನ ಸಲಹೆ ಹೀಗೆ. ನಾಲ್ಕು ಊರನ್ನು ನಾಲ್ಕು ಪುಟ್ಟ ಚೌಕಗಳಲ್ಲಿ ಎಳೆ. ನಾಲ್ಕಕ್ಕೂ ಎಡಗಡೆಯ ಮಿಲಿಮೀಟರ್ ಅಳತೆ ಒಂದೇ ಇರಲಿ, ಇಲ್ಲದಿದ್ದರೆ ಹಳಿಯಾಳದ ಮಳೆಯೂ ಜೋಯಿಡಾದಷ್ಟು ಎತ್ತರ ಕಂಡುಬಿಡುತ್ತದೆ. ಊರಿನ ಹೆಸರು ಚೌಕದ ತಲೆಯ ಮೇಲೆ ಕನ್ನಡದಲ್ಲೇ ಬರಲಿ. ಆಗ ಬಣ್ಣದ ಹಂಗೂ ಬೇಡ, ಲೆಜೆಂಡಿನ ಹಂಗೂ ಬೇಡ. ನಾಲ್ಕೂ ಊರಿಗೆ ಒಂದೇ ಕಪ್ಪು ಗೆರೆ, ಒಂದೇ ದಪ್ಪ. ಅಳೆದದ್ದಕ್ಕೆ ಮುರಿಯದ ಗೆರೆ, ಅಂದಾಜಿಗೆ ತುಂಡುಗೆರೆ. ಕೆಳಗೆ ಒಂದು ಸಾಲು ಬರೆ: "ತುಂಡುಗೆರೆ ಇರುವಲ್ಲಿ ಮಳೆ ಅಳೆದಿಲ್ಲ, ಸುತ್ತಲಿನ ಊರಿನ ಲೆಕ್ಕದಿಂದ ಅಂದಾಜು ಮಾಡಿದ್ದು."

ಎಳೆಯುವ ಉಪಾಯವೂ ಸುಲಭ. ಅಂದಾಜು ಸೇರಿದ ಪೂರ್ತಿ ಸಾಲನ್ನು ಮೊದಲು (0, (6, 3)) ತುಂಡುಗೆರೆಯಲ್ಲಿ ಎಳೆದುಬಿಡು. ಅದರ ಮೇಲೆ ಅಳೆದ ಲೆಕ್ಕವನ್ನು ಮಾತ್ರ ಮುರಿಯದ ಗೆರೆಯಲ್ಲಿ ಎಳೆ. ಲೆಕ್ಕವಿಲ್ಲದ ವಾರಗಳಲ್ಲಿ ಅಂಕಿಯ ಬದಲು 'ನ್ಯಾನ್', ಅಂದರೆ ಅಂಕಿ ಇಲ್ಲ ಎಂಬ ಗುರುತು, ಇರಲಿ. ನ್ಯಾನ್ ಸಿಕ್ಕಲ್ಲಿ ಗೆರೆ ತಾನೇ ಕಡಿಯುತ್ತದೆ, ಇಲ್ಲದ್ದನ್ನು ಇದೆಯೆಂದು ಜೋಡಿಸುವುದಿಲ್ಲ. ಆ ಕಂಡಿಯಲ್ಲಿ ಅಡಿಯ ತುಂಡುಗೆರೆ ಕಾಣುತ್ತದೆ. ಎರಡು ಗೆರೆಯನ್ನು ಕೂಡಿಸುವ ತಾಪತ್ರಯವೇ ಇಲ್ಲ.

ಸೊನ್ನೆ ಮಾತ್ರ ತುಂಬಬೇಡ. ಮಳೆ ಬಾರದ ವಾರ ಬೇರೆ, ಅಳೆಯದ ವಾರ ಬೇರೆ. ಆಗಸ್ಟಿನ ಜೋಯಿಡಾಕ್ಕೆ ಸೊನ್ನೆ ಬರೆದ ಗ್ರಾಫ್ ಇಟ್ಟರೆ ಆ ಊರಿನ ಮಗುವೂ ನಂಬುವುದಿಲ್ಲ.

ಮುಂದೆ ದಿನದಿನದ ಮಳೆ ಎಳೆಯುವ ಕೆಲಸ ಬಂದಾಗ ಇದನ್ನು ನೆನಪಿಡು: ತುಂಡುಗೆರೆ ನಡೆಯುವುದು ಗೆರೆಯ ಉದ್ದ ಅಳೆದುಕೊಂಡು, ದಿನ ಎಣಿಸಿಕೊಂಡಲ್ಲ. ಒಂದೇ ದಿನ ಧೋ ಎಂದು ಸುರಿದು ನಿಂತ ಮಳೆಯ ತುದಿ ಸರಿಯಾಗಿ ಬಿಡುವಿನಲ್ಲಿ ಬಿದ್ದರೆ ಆ ತುದಿಯೇ ಕಾಣದೆ ಹೋಗುತ್ತದೆ. ಹೊಳೆ ಏರಿದ ದಿನ ಹಾಳೆಯಲ್ಲಿ ತಗ್ಗಾಗಿ ಕಂಡರೆ ಅದನ್ನು ನಂಬಿದವರಿಗೆ ಅಪಾಯ. ಅಳೆದ ಮಳೆಯನ್ನು, ಅದರಲ್ಲೂ ಚೂಪಾಗಿ ಏರಿಳಿಯುವ ಮಳೆಯನ್ನು, ಎಂದೂ ಮುರಿದ ಗೆರೆಯಲ್ಲಿ ಎಳೆಯಬೇಡ. ಅಂದಾಜು ಮಾಡಿದ್ದಕ್ಕೆ ಅಂಥ ಚೂಪು ಇರುವುದೇ ಕಡಿಮೆ, ಅದಕ್ಕೆ ತುಂಡುಗೆರೆ ಒಪ್ಪುತ್ತದೆ.

ನಿನ್ನ ಮಾತಿನಲ್ಲಿ ಒಂದು ದಣಿವು ಕೇಳಿಸುತ್ತಿದೆ ಮಗಳೇ. ರಾತ್ರಿ ಎರಡು ಗಂಟೆಗೆ ಕಳಿಸಿದ ಮೆಸೇಜುಗಳನ್ನು ಬೆಳಿಗ್ಗೆ ನೋಡುತ್ತೇನೆ. ಗೈಡ್ ಕೇಳಿದ್ದಾರೆ, ಗ್ರಾಫ್ ಪೂರ್ತಿ ಇರಬೇಕು, ಕಂಡಿ ಇದ್ದರೆ ಕೆಲಸ ಅರ್ಧ ಆದಂತೆ ಎಂದು ನೀನು ಅಂದುಕೊಂಡಿರುವೆಯೇನೋ ಎಂಬ ಚಿಂತೆ ನನಗೆ. ಕಂಡಿ ನಿನ್ನ ಸೋಲಲ್ಲ. ಮಳೆಗಾಲದಲ್ಲಿ ಆ ಹಳ್ಳಿಗೆ ದಾರಿ ಇಲ್ಲ ಎಂಬುದು ನಿನ್ನ ಸಂಶೋಧನೆ ಕಂಡುಕೊಂಡ ಒಂದು ಸತ್ಯ. ಗೊತ್ತಿರುವುದನ್ನು ಗಟ್ಟಿಯಾಗಿ ಹೇಳು, ಅಂದಾಜನ್ನು ಅಂದಾಜು ಎಂದು ಹೇಳು. ಅಷ್ಟು ಮಾಡಿದವರ ಕೆಲಸವನ್ನು ಮುಂದಿನವರು ನಂಬಿ ಅದರ ಮೇಲೆ ಕಟ್ಟುತ್ತಾರೆ. ಸೈಟಿನಲ್ಲಿ ಯಾರೂ ಬಂದು ನಮ್ಮನ್ನು ಕೇಳುತ್ತಿರಲಿಲ್ಲ, ಗೆರೆಯನ್ನೇ ನಂಬಿ ಕಾಂಕ್ರೀಟು ಸುರಿಯುತ್ತಿದ್ದರು. ಒಳಗಿನದ್ದನ್ನು ಒಳಗಿನದ್ದು ಎಂದೇ ಎಳೆದಿದ್ದೇವೆ ಎಂಬ ಸಮಾಧಾನದಲ್ಲಿ ನಾನು ರಾತ್ರಿ ನಿದ್ದೆ ಮಾಡಿದ್ದೇನೆ. ನಿನಗೂ ಆ ನಿದ್ದೆ ಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡು. ಮಾಡಿ ಕಳಿಸಿದ ಚಟ್ನಿಪುಡಿ ಡಬ್ಬಿಯಲ್ಲೇ ಇಟ್ಟಿರಬೇಡ.

ಚಳಿಗಾಲದಲ್ಲಿ ಬಂದಾಗ ಒಂದು ವಾರ ಜಾಸ್ತಿ ಇರುವ ಹಾಗೆ ರಜೆ ಹಾಕು. ಜೋಯಿಡಾದ ಗೆಡ್ಡೆಗೆಣಸು ಮೇಳ ಸಿಕ್ಕರೆ ಹೋಗೋಣ; ಕುಣಬಿ ಹೆಂಗಸರು ತರುವ ಗೆಡ್ಡೆಗಳನ್ನು ನೀನು ನೋಡಬೇಕು. ಯಾವ ವರ್ಷ ಮಳೆ ಹೇಗೆ ಬಂತು, ಯಾವ ಗೆಡ್ಡೆ ಹೇಗೆ ಇಳಿಯಿತು ಎಂಬ ಲೆಕ್ಕ ಅವರ ಬಾಯಲ್ಲಿದೆ. ನಿನ್ನ ಆ ಮೂರು ವಾರದ ಸುದ್ದಿಯೂ ಅಲ್ಲಿ ಸಿಕ್ಕೀತು. ಮಿಲಿಮೀಟರಿನಲ್ಲಿ ಸಿಗಲಿಕ್ಕಿಲ್ಲ, ಆದರೆ ನಿನ್ನ ಅಂದಾಜು ಸರಿಯೋ ತಪ್ಪೋ ಎಂದು ತಿಳಿಯುವಷ್ಟು ಸಿಗುತ್ತದೆ.

ಕೊನೆಗೆ ಒಂದು ಮಾತು. ಸಭೆಯಲ್ಲಿ ನಾಲ್ಕು ಚೌಕದ ಆ ಹಾಳೆ ಹಂಚಿದಾಗ ಯಾರಾದರೂ ಎದ್ದು, "ಇಲ್ಲಿ ಯಾಕ್ರೀ ಗೆರಿ ಹರದೈತಿ?" ಎಂದು ಕೇಳಿಯೇ ಕೇಳುತ್ತಾರೆ. ಸಂಕೋಚ ಮಾಡಬೇಡ. ಅಲ್ಲಿ ಮಳೆಗಾಲದಲ್ಲಿ ಅಳೆಯುವವರಿಗೆ ಹೋಗಲಾಗುವುದಿಲ್ಲ, ತಾನೇ ಅಳೆದು ತಿಳಿಸುವ ಮಾಪಕ ಅಲ್ಲಿಲ್ಲ ಎಂದು ತಿಳಿಸಿ ಹೇಳು. ಮುರಿಯದ ಗೆರೆ ಎಳೆದಿದ್ದರೆ ಆ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಪ್ರಶ್ನೆ ಹುಟ್ಟಿದರೆ ಊರವರು ಕೇಳುತ್ತಾರೆ, ಪಂಚಾಯಿತಿ ಬರೆಯುತ್ತದೆ, ಆ ಹಳ್ಳಿಗೂ ಅಂಥದೊಂದು ಮಾಪಕ ಬರುವ ದಾರಿ ತೆರೆಯುತ್ತದೆ. ಹೊಸ ಗ್ರಾಫ್ ಕಪ್ಪು ಬಿಳುಪಿನಲ್ಲೇ ಕಳಿಸು, ನಾನು ಅರ್ಧಕ್ಕೆ ಇಳಿಸಿ ಝೆರಾಕ್ಸ್ ಮಾಡಿಸಿ ನೋಡಿ ಹೇಳುತ್ತೇನೆ.

ನಿನ್ನ
ಅವ್ವ